ಮೈಕು ಕಿತ್ತ ಮೇಲೂ ಬಂದ ದನಿ

ಮೈಕಿನ ವೈರು ಜಿಲಾನಿಸಾಬರ ಕೈಯಲ್ಲಿತ್ತು. ಅದರ ತುದಿ ಯಾವುದಕ್ಕೂ ಸೇರಿರಲಿಲ್ಲ. ಆದರೂ ಬೇವಿನ ಮರಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರ್ ಮಾತಾಡುತ್ತಲೇ ಇತ್ತು.

“ಹಾ...ಲೋ. ಹಾ...ಲೋ. ಬಲ್ಬ್ ನೋಡ್ರಿ. ಬಲ್ಬ್ ನೋಡ್ರಿ.”

ಮಸ್ಕಿಯ ಆ ಮದುವೆ ಹಂದರದಲ್ಲಿ ಊಟಕ್ಕೆ ಕುಳಿತವರ ಕೈಗಳು ಎಲೆಯ ಮೇಲೆಯೇ ನಿಂತವು. ಬಡಿಸುವವನ ಸೌಟಿನಿಂದ ಸಾರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತಿತ್ತು. ಪಾಮನಕಲ್ಲೂರಿನಿಂದ ಬಂದಿದ್ದ ಬೀಗರ ಮುದುಕಿಯೊಬ್ಬಳು ಸೆರಗು ಹೊದ್ದು, ಮರದ ಕಡೆ ತಿರುಗಿ ಕೈಮುಗಿದಳು.

“ಅರೇ, ನಾ ಏನೂ ಮಾಡಿಲ್ರೀ!” ಜಿಲಾನಿಸಾಬರು ವೈರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. “ಮೈಕ್ ಇಲ್ಲ, ರಿಕಾರ್ಡ್ ಇಲ್ಲ. ಅಲ್ಲಾ ಕಸಮ್, ಖಾಲಿ ಡಬ್ಬಿ ಐತಿ ಇದು!”

“ಡಬ್ಬಿಗೆ ಜೀವ ಬಂದೈತಿ ಬಿಡೋ ಜಿಲಾನಿ. ಅದಕ್ಕೂ ಒಂದು ಎಲಿ ಹಾಕ್ಸು,” ಎಂದು ಪಂಕ್ತಿಯ ಕೊನೆಯಿಂದ ಯಾರೋ ಕೂಗಿದರು. ಒಬ್ಬಿಬ್ಬರು ನಕ್ಕರು. ಆದರೆ ಆ ನಗೆ ಅರ್ಧಕ್ಕೇ ನಿಂತಿತು.

ಯಮನೂರಮ್ಮ ಟೀಚರು ನಗಲಿಲ್ಲ. ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳುವ ಆಕೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಎದ್ದು ನಿಂತಿದ್ದಳು. ಆ ‘ಹಾ...ಲೋ’ದ ಎಳೆತ ಅವಳಿಗೆ ಗೊತ್ತು. ಅದು ವೆಂಕೋಬನ ದನಿ.

ನಾಲೆಯ ನೀರಿನ ಮಟ್ಟ ನೋಡುವ ಕೆಲಸದ ವೆಂಕೋಬ ಸತ್ತನೆಂದು ಮೂರು ತಾಲ್ಲೂಕು ನಂಬಿ ವಾರದ ಮೇಲಾಗಿತ್ತು. ವಳಕಮದಿನ್ನಿಯ ಹತ್ತಿರ ನಾಲೆಯ ದಂಡೆಯಲ್ಲಿ ಅವನ ಅಂಗಿ, ಚಪ್ಪಲಿ ಸಿಕ್ಕಿದ್ದವು. ಅವನನ್ನು ನೀರಿಗೆ ನೂಕಿದ ಆರೋಪದ ಮೇಲೆ, ಅವನ ಜೀವದ ಗೆಳೆಯ, ಸಿಂಧನೂರಿನ ರೇಡಿಯೋ ರಿಪೇರಿಯ ಕರೀಂಸಾಬ್ ಲಿಂಗಸುಗೂರಿನ ಲಾಕಪ್ಪಿನಲ್ಲಿದ್ದ.

ಸತ್ತವನು ಈಗ ಬಲ್ಬ್ ನೋಡಿರಿ ಎನ್ನುತ್ತಿದ್ದ.

ಯಮನೂರಮ್ಮ ಕಣ್ಣು ಮುಚ್ಚಿ ಕೇಳಿದಳು. ದನಿಯ ಹಿಂದೆ ಇನ್ನೇನೋ ಇತ್ತು, ತೆಳ್ಳಗೆ, ಬಾವಿಯೊಳಗಿಂದ ಬಂದಂತೆ. ಹಲಗೆಯ ಬಡಿತ. ಕಣ್ಣು ತೆರೆದು ನೋಡಿದಳು. ಹಂದರದ ಆಚೆ, ಹತ್ತಿ ಗಿರಣಿಯ ಗೋಡೆಯ ನೆರಳಲ್ಲಿ ಹಲಗೆಯವರು ತಮ್ಮಷ್ಟಕ್ಕೆ ಬಾರಿಸುತ್ತಿದ್ದರು; ಇಲ್ಲಿಯ ಗದ್ದಲ ಅವರಿಗೆ ತಿಳಿದೇ ಇರಲಿಲ್ಲ.

ಅವಳು ಅವರತ್ತ ಕೈ ಎತ್ತಿದಳು. “ತಮ್ಮಾ, ಒಂದೀಟು ನಿಲ್ಲಸ್ರಿ!”

ಹಲಗೆ ನಿಂತಿತು. ಅದೇ ಗಳಿಗೆಯಲ್ಲಿ ಮರದ ಮೇಲಿನ ಹಲಗೆಯೂ ನಿಂತಿತು.

ಮರುಕ್ಷಣ ಲೌಡ್‌ಸ್ಪೀಕರಿನಲ್ಲಿ ‘ಟಕ್’ ಎಂದಿತು. ಆಮೇಲೆ ಏನೂ ಕೇಳಲಿಲ್ಲ. ಮರದ ಎಲೆಗಳ ಸಪ್ಪಳವೇ ಎಲ್ಲರಿಗೂ ದೊಡ್ಡದಾಗಿ ಕೇಳಿತು.

*

“ಡಬ್ಬಿ ಬಿಚ್ರಿ ಜಿಲಾನಿಸಾಬ್,” ಎಂದಳು ಯಮನೂರಮ್ಮ.

“ಬಿಚ್ಚತೀನ್ರಿ ಅಮ್ಮಾ. ಆದ್ರ ನೀವು ಮೊದಲ ಉಂಡು ಬರ್ರಿ. ಎಲಿ ಬಿಟ್ಟು ಎದ್ದೀರಿ.”

“ನೀವು ಉಂಡೀರೇನು?”

“ನಂದು ಆಮ್ಯಾಲ. ಹಾಡು ನಿಂತ್ರ ಬೀಗರು ನನ್ನ ಉಣ್ಣಾಕ ಬಿಡ್ತಾರೇನ್ರಿ?”

ಇಬ್ಬರೂ ಉಣ್ಣಲಿಲ್ಲ. ಜಿಲಾನಿಸಾಬರು ಆಂಪ್ಲಿಫೈಯರಿನ ಮುಚ್ಚಳ ತೆಗೆದು, ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿದರು. ದನಿ ಹಿಗ್ಗಿಸುವ ಮೊದಲ ಗಾಜಿನ ವಾಲ್ವನ್ನು ಟವೆಲಿನ ಮಡಿಕೆಯಲ್ಲಿ ಹಿಡಿದು ಕಿತ್ತರು. ಯಮನೂರಮ್ಮನ ಕೈ ಸುಡಬಾರದೆಂದು ಗಾಜಿನ ಮೇಲೆ ಊದಿ ಊದಿ ಆರಿಸಿ, ಆಮೇಲೆ ಕೊಟ್ಟರು.

“ದನಿ ಬರುವಾಗ ವಾಲ್ಯೂಮ್ ಇಳಿಸಿದ್ರೇನು?”

“ಪೂರಾ ಇಳಿಸಿದೆ. ಬಂದ್ ಆತು. ಏರಿಸಿದೆ, ಮತ್ತ ಬಂತು.”

“ಅಂದ್ರ ವಾಲ್ಯೂಮಿಗಿಂತ ಮುಂಚೇನ ಒಳಗ ಬಂದೈತಿ. ಮೊದಲ ವಾಲ್ವಿನಾಗ.” ಅವಳು ಡಬ್ಬಿಯನ್ನು ಮಗ್ಗುಲಾಗಿಸಿ ಕೆಳಗೆ ನೋಡಿದಳು. “ಕರೀಂಸಾಬ್ ಹಚ್ಚಿದ್ದು ಎಲ್ಲೈತಿ?”

ಜಿಲಾನಿಸಾಬರು ಬೆರಳಿಟ್ಟು ತೋರಿಸಿದರು. ವಾಲ್ವಿನ ಕಾಲಿಗೆ ಒತ್ತಿದಂತೆ ಒಂದು ಪುಟ್ಟ ರೆಸಿಸ್ಟರ್, ಅದರ ಮಗ್ಗುಲಿಗೆ ಕಡಲೆಕಾಳಿನಷ್ಟು ಕಂಡೆನ್ಸರ್.

ಅದಕ್ಕೊಂದು ಕಥೆಯಿತ್ತು. ವೆಂಕೋಬ ಹವ್ಯಾಸಿ ರೇಡಿಯೋದವನು. ಸರ್ಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಕಟ್ಟಿದ ಯಂತ್ರದಿಂದ ಸಿಲೋನಿನವರ ಜೊತೆ, ಬರ್ಮಾದವರ ಜೊತೆ ಮಾತಾಡುತ್ತಿದ್ದ. ದನಿಗೆ ಬಲ ಸಾಲದೆಂದು ಅವನೂ ಕರೀಂಸಾಬನೂ ಸೇರಿ ದೊಡ್ಡ ವಾಲ್ವುಗಳ ಆಂಪ್ಲಿಫೈಯರ್ ಕಟ್ಟಿದರು. ಅದನ್ನು ಹಚ್ಚಿದ ಮೊದಲ ದಿನವೇ, ಸಿಂಧನೂರಿನ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಲೌಡ್‌ಸ್ಪೀಕರಿನೊಳಗಿಂದ ವೆಂಕೋಬ ಕೊಲಂಬೋದವನಿಗೆ ಇಲ್ಲಿಯ ಸೆಕೆಯ ವರದಿ ಒಪ್ಪಿಸಿದ್ದ.

ಬೀಗರು ಬಡಿಗೆ ಹಿಡಿದು ಬಂದರು. ಕರೀಂಸಾಬ್ ನಗುತ್ತಲೇ ಅವರಿಗೆ ಚಹಾ ಕುಡಿಸಿದ. ಮರುದಿನದಿಂದ ಅವನೂ ವೆಂಕೋಬನೂ ಒಂದೇ ಸೈಕಲ್ ಮೇಲೆ ಊರೂರು ತಿರುಗಿ, ಲೌಡ್‌ಸ್ಪೀಕರ್ ಇಟ್ಟುಕೊಂಡವರ ಆಂಪ್ಲಿಫೈಯರುಗಳಿಗೆಲ್ಲ ಈ ತಡೆ ಹಚ್ಚಿ ಬಂದರು. ಯಾರ ಮದುವೆಗೂ ತಮ್ಮಿಂದ ತೊಂದರೆಯಾಗಬಾರದೆಂದು.

“ಇದು ಸುಟ್ಟೈತೇನ್ರಿ?” ಜಿಲಾನಿಸಾಬರು ಕೇಳಿದರು.

ಯಮನೂರಮ್ಮ ಬೆಸುಗೆಯನ್ನು ಉಗುರಿನಿಂದ ಅಲುಗಾಡಿಸಿದಳು. ಬೆಳ್ಳಿಯ ಹನಿಯಂತೆ ಗಟ್ಟಿಯಾಗಿ ಕುಳಿತಿತ್ತು. “ಇಲ್ಲ. ಛಲೋ ಐತಿ.”

“ಮತ್ತ ಹ್ಯಾಂಗ ಬಂತು?”

“ಅದನ್ನ ನಾನೂ ಕೇಳಿಕೊಳ್ಳಾಕತ್ತೀನಿ. ಸಿಂಧನೂರಾಗ ವೆಂಕೋಬನ ಏರಿಯಲ್ಲಿನ ಬುಡಕ್ಕ ಹಂದರ ಹಾಕಿದ್ರೂ ಇದು ಅವನ ದನಿ ತಡದಿತ್ತು. ಇವತ್ತು ತಡೀಲಿಲ್ಲ.” ಅವಳು ತಲೆಯೆತ್ತಿದಳು. “ಅದೂ ಇವತ್ತು ಅಂವ ಏರಿಯಲ್ ಹಚ್ಚೇ ಇಲ್ಲ.”

“ಅದು ನಿಮಗ ಹ್ಯಾಂಗ ಮಾಲೂಮ್?”

“ಬಲ್ಬ್ ನೋಡ್ರಿ ಅಂದನಲ್ಲ.”

ಲೈಸೆನ್ಸಿನ ಪರೀಕ್ಷೆಗೆಂದು ಅವಳು ವೆಂಕೋಬನ ಹತ್ತಿರ ಪಾಠ ಹೇಳಿಸಿಕೊಂಡಿದ್ದಳು. ಆಂಪ್ಲಿಫೈಯರಿನಲ್ಲಿ ಏನಾದರೂ ಬದಲಿಸಿದರೆ ಅದು ಅಡ್ಡಾದಿಡ್ಡಿ ಕೂಗಿ ಬೇರೆಯವರಿಗೆ ಅಡಚಣೆ ಮಾಡಬಹುದು. ಅದಕ್ಕೆ ವೆಂಕೋಬ ಮೊದಲು ಏರಿಯಲ್ಲಿನ ಜಾಗಕ್ಕೆ ಮನೆಯ ಬಲ್ಬೊಂದನ್ನು ಹಚ್ಚುತ್ತಿದ್ದ. ಯಂತ್ರದ ಶಕ್ತಿಯೆಲ್ಲ ಆ ಬಲ್ಬಿನಲ್ಲೇ ಉರಿದುಹೋಗುತ್ತಿತ್ತು.

ಮೊದಲ ಸಲ ನೋಡಿದ ದಿನ ಅವಳಿಗೆ ಇನ್ನೂ ನೆನಪಿತ್ತು. ವೆಂಕೋಬ ಮೈಕಿನೆದುರು ‘ಹಾ...ಲೋ’ ಎಂದ. ಮಂಕಾಗಿದ್ದ ಬಲ್ಬು ಬೆಳಗಿತು. ದನಿ ಇಳಿಸಿದ, ಬೆಳಕು ಇಳಿಯಿತು. ಪಿಸುಗುಟ್ಟಿದ, ತಂತಿ ಕೆಂಪಗೆ ನಡುಗಿತು. ಮನುಷ್ಯನ ಉಸಿರಿಗೆ ಬೆಳಕು ಉತ್ತರ ಕೊಡುವುದನ್ನು ನೋಡಿ, ಕಾಲೇಜಿನಲ್ಲಿ ಓದಿದ್ದೆಲ್ಲ ಅವಳಿಗೆ ಅಂದು ಮೊದಲ ಸಲ ನಿಜವೆನಿಸಿತ್ತು.

“ಬಲ್ಬಿನಿಂದ ಸೋರಿದ ಒಂದೀಟು ದನಿ, ಕರೀಂಸಾಬನ ತಡೆ ದಾಟಿ ಬಂದೈತಿ,” ಎಂದಳು. “ಅಂದ್ರ ವೆಂಕೋಬ ಸಿಂಧನೂರಾಗಿಲ್ಲ, ಲಿಂಗಸುಗೂರಾಗಿಲ್ಲ. ಇಲ್ಲೇ ಅದಾನ. ನಾವು ಒದರಿದ್ರ ಕೇಳುವಷ್ಟು ಹತ್ರ.”

ಜಿಲಾನಿಸಾಬರು ಸುತ್ತ ನೋಡಿದರು. ಹಂದರದ ಸುತ್ತ ಮಣ್ಣಿನ ಮನೆಗಳು, ಒಂದಕ್ಕೂ ಕರೆಂಟಿಲ್ಲ. ಅವರ ಆಂಪ್ಲಿಫೈಯರೇ ಕಾರಿನ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆ ಓಣಿಗೆ ಬಂದ ವಿದ್ಯುತ್ತಿನ ಕಂಬಗಳು ಒಂದೇ ಕಡೆ ಹೋಗಿ ಮುಗಿಯುತ್ತಿದ್ದವು: ಹತ್ತಿ ಗಿರಣಿಯ ಗೋಡೆಗೆ.

“ಗಿರಣಿ ಬೀಗ ಹಾಕ್ಯಾರಲ್ರೀ,” ಎಂದರು ಅವರು ಮೆಲ್ಲಗೆ. “ಹತ್ತಿ ಮುಗದು ಎಷ್ಟೋ ದಿನ ಆತು.”

“ಮದುವಿ ಮುಗಿಯೂತನ ಡಬ್ಬಿ ಆರಿಸಬ್ಯಾಡ್ರಿ ಜಿಲಾನಿಸಾಬ್.”

“ನಾಳಿ ಸಂಜಿತನ ಇರತೀನ್ರಿ. ಬ್ಯಾಟರಿ ಇಳಿದ್ರ ಬೀಗರ ಲಾರಿದ ಬಿಚ್ಚಿಕೊಂಡು ಬರತೀನಿ,” ಎಂದು ಅವರು ವಾಲ್ವನ್ನು ಅದರ ಮನೆಗೆ ಒತ್ತಿದರು.

*

ಲಿಂಗಸುಗೂರಿನ ಠಾಣೆಯಲ್ಲಿ ಕರೀಂಸಾಬನ ಹೆಂಡತಿ ಖಾತೂನ್‌ಬೀ ಬುತ್ತಿ ಹಿಡಿದು ಕುಳಿತಿದ್ದಳು. ಅವಳು ಕೂತಲ್ಲಿಗೆ ಬಿಸಿಲು ಬರುತ್ತಿದ್ದಂತೆ, ಪಹರೆಯ ಪೊಲೀಸನೊಬ್ಬ ಏನೂ ಹೇಳದೆ ಬೆಂಚನ್ನು ನೆರಳಿಗೆ ಸರಿಸಿಕೊಟ್ಟ.

ಸಬ್ ಇನ್ಸ್‌ಪೆಕ್ಟರ್ ಆದಪ್ಪ ಯಮನೂರಮ್ಮನ ಮಾತನ್ನು ಪೂರ್ತಿ ಕೇಳಿದ. ಅವಳಿಗೆ ಅವನಲ್ಲಿ ಹಿಡಿಸಿದ್ದು ಅದೊಂದೇ ಗುಣ. ನಂಬುತ್ತಿರಲಿಲ್ಲ, ಆದರೆ ನಡುವೆ ಬಾಯಿ ಹಾಕುತ್ತಿರಲಿಲ್ಲ.

“ಟೇಪ್ ರಿಕಾರ್ಡರ್ ಅಂತ ಒಂದು ಮಷೀನ್ ಬಂದೈತ್ರಿ ಟೀಚರಮ್ಮ. ಸತ್ತವನ ದನಿ ನೂರು ವರ್ಷ ಇಡಬಹುದಂತ.”

“ಅದರಾಗ ನಿನ್ನೆಯ ದನಿ ಇಡಬಹುದು. ಇವತ್ತಿನ ಹಲಗಿ ಇಡಾಕ ಬರಂಗಿಲ್ಲ.”

“ಯಾವ ಹಲಗಿ?”

ಅವಳು ಹೇಳಿದಳು. ಮೈಕಿಲ್ಲದ ಲೌಡ್‌ಸ್ಪೀಕರಿನಲ್ಲಿ ಹಂದರದ ಹಲಗೆಯೇ ಮರಳಿ ಕೇಳಿದ್ದನ್ನು, ಇಲ್ಲಿ ಕೈ ನಿಂತಾಗ ಅಲ್ಲಿಯೂ ನಿಂತದ್ದನ್ನು. “ಹಲಗಿ ಸಪ್ಪಳ ಗಿರಣಿ ಗ್ವಾಡಿ ದಾಟಿ ವೆಂಕೋಬನ ಮೈಕಿಗೆ ಹೋಗೈತಿ. ಅವನ ದನಿ ಜೋಡಿ ಗಾಳಿಗೆ ಏರಿ, ತಿರುಗಿ ನಮ್ಮ ಮರಕ್ಕ ಬಂದೈತಿ. ಅಂವ ಆ ಗಳಿಗ್ಯಾಗ ಅಲ್ಲಿದ್ದ ಸಾಹೇಬ್ರ. ಉಸಿರಾಡಾಕತ್ತಿದ್ದ.”

ಆದಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕಿಟಕಿಯ ಹೊರಗೆ ನೋಡಿದ. ಅಲ್ಲಿ ಠಾಣೆಯ ವೈರ್‌ಲೆಸ್ಸಿನ ಕಂಬ ನಿಂತಿತ್ತು. ದಿನವೂ ನೋಡುವ ಆ ಕಂಬವನ್ನು ಅವನು ಈಗ ತಲೆಯಿಂದ ಬುಡದವರೆಗೆ ಹೊಸದಾಗಿ ನೋಡಿದಂತಿತ್ತು.

“ಗೋಡೆ ಒಳಗ ಹೋದ ಸಪ್ಪಳ ಆಕಾಶದಿಂದ ಹೊರಳಿ ಬಂತು,” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಎದ್ದ. “ಬರ್ರಿ.”

ಕರೀಂಸಾಬ್ ಕಂಬಿಯ ಹಿಂದೆ ಮೂಲೆಯಲ್ಲಿದ್ದ. ಗಡ್ಡ ಬೆಳೆದಿತ್ತು.

“ಕರೀಂ, ವೆಂಕೋಬ ಬದುಕ್ಯಾನ,” ಎಂದ ಆದಪ್ಪ.

ಕರೀಂಸಾಬ್ ಮೊದಲು ಯಮನೂರಮ್ಮನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನ ಮುಖ ಮಗುವಿನ ಮುಖದಂತೆ ಮುದುಡಿತು. ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಅತ್ತ.

“ಇನ್ನಾದ್ರೂ ಹೇಳು. ವೆಂಕೋಬ ಕಾಣೆಯಾಗೂ ಮುಂಚೆ, ಆಂಪ್ಲಿಫೈಯರ್ ಬದಲು ಮಾಡಿಕೊಡ್ರಿ ಅಂತ ನಿಮ್ಮ ಅಂಗಡಿಗೆ ಯಾರೋ ಬಂದಿದ್ರಂತ ಓಣಿಯವರು ಹೇಳ್ಯಾರ, ಯಾರಂವ?”

ಅಳು ನಿಂತಿತು. ಕರೀಂಸಾಬ್ ಕೈ ಕೆಳಗಿಳಿಸಿ ಗೋಡೆಯ ಕಡೆ ತಿರುಗಿ ಕುಳಿತ. ಇಷ್ಟು ದಿನವೂ ಅವನು ಹೀಗೆಯೇ ಕುಳಿತಿದ್ದ. ಆ ಮೌನಕ್ಕೇ ಪೊಲೀಸರು ಕೊಲೆಯೆಂದು ಹೆಸರಿಟ್ಟಿದ್ದರು.

ಆದಪ್ಪ ಹೊರಗೆ ಬಂದು ಖಾತೂನ್‌ಬೀಯ ಮುಂದೆ ನಿಂತ. “ಅಮ್ಮಾ, ಕೊಲೆ ಆಗಿಲ್ಲ ಅಂದ ಮ್ಯಾಲ ನಾ ಅವನನ್ನ ಇಟ್ಟುಕೊಳ್ಳಾಕ ಬರಂಗಿಲ್ಲ. ನಾಳಿ ಮುಂಜಾನೆ ಬಿಡಸ್ತೀನಿ. ಒಂದು ಒಗದ ಅಂಗಿ ತಂದಿರು.”

ಖಾತೂನ್‌ಬೀ ಎದ್ದು ನಿಂತಳು. ಬುತ್ತಿ ಬಿಚ್ಚಿ, ಒಂದು ರೊಟ್ಟಿ ತೆಗೆದು ಬೆಂಚು ಸರಿಸಿದ ಪೊಲೀಸನ ಕೈಗಿಟ್ಟಳು.

*

ಮರುದಿನ ಬೆಳಿಗ್ಗೆ ಆದಪ್ಪನ ಜೀಪು ಮಸ್ಕಿಯ ಗಿರಣಿಯ ಮುಂದೆ ನಿಂತಿತು. ಗಿರಣಿಯ ಮೇನೇಜರ್ ಗದ್ದೆಪ್ಪ ಕಾಯುತ್ತಿದ್ದವನಂತೆ ಹೊರಗೆ ಬಂದ. ಬಿಳಿ ಧೋತರ, ಕಿವಿಯ ಹಿಂದೆ ಹೂವು, ಬಾಯಿ ತುಂಬ ಎಲೆಯಡಿಕೆ.

“ಬರ್ರಿ ಬರ್ರಿ ಸಾಹೇಬ್ರ! ಟೀಚರಮ್ಮ, ಬಿಸಲಾಗ ನಿಂದ್ರಬ್ಯಾಡ್ರಿ. ಲೇ, ಖುರ್ಚಿ ತರ್ರಿ!”

“ಖುರ್ಚಿ ಬ್ಯಾಡ. ಗಿರಣಿ ತಗೀರಿ,” ಎಂದ ಆದಪ್ಪ.

“ತಗದ್ರ ಏನು ಐತ್ರಿ ಒಳಗ? ಇಲಿ ಅದಾವ, ಹತ್ತಿ ಬೀಜ ಅದಾವ. ಹತ್ತಿ ಮುಗದ ಮ್ಯಾಲ ಒಂದು ಮಷೀನಿನ ಪಟ್ಟಾ ತಿರುಗಿಲ್ಲ. ಕೀಲಿಕೈ ಮಾಲಕರ ಹತ್ರ, ರಾಯಚೂರಾಗ.”

“ಒಳಗ ಯಾರೂ ಇಲ್ಲ?”

“ನನ್ನ ಮಕ್ಕಳ ಆಣಿ.”

ಯಮನೂರಮ್ಮ ಅಷ್ಟರಲ್ಲಿ ಗೋಡೆಯ ಮೂಲೆಗೆ ಹೋಗಿದ್ದಳು. ಅಲ್ಲಿ ಮರದ ಪೆಟ್ಟಿಗೆಯಲ್ಲಿ ಕರೆಂಟಿನ ಮೀಟರ್ ಇತ್ತು. ಅವಳು ಸೆರಗಿನಿಂದ ಗಾಜಿನ ಮೇಲಿನ ಧೂಳು ಒರೆಸಿದಳು.

“ಗದ್ದೆಪ್ಪನವರ, ಒಂದೀಟು ಬರ್ರಿ.”

“ಹೆಣಮಕ್ಕಳು ಮೀಟರ್ ನೋಡಾಕ ಹತ್ತಿದ್ರ ಲೈನ್‌ಮನ್ ಏನು ರೊಟ್ಟಿ ಬಡೀಬೇಕೇನ್ರಿ?” ಗದ್ದೆಪ್ಪ ನಗುತ್ತ ಬಂದ.

“ಬಡೀಲಿ, ಕಲೀತಾನ. ಇದರಾಗ ಒಂದು ಚಕ್ರ ಐತಿ. ಏನು ಮಾಡಾಕತ್ತೈತಿ ಹೇಳ್ರಿ.”

ಗದ್ದೆಪ್ಪ ಬಗ್ಗಿ ನೋಡಿದ. ಜಗಿಯುತ್ತಿದ್ದ ಬಾಯಿ ನಿಂತಿತು. ಗಾಜಿನ ಹಿಂದೆ ಬೆಳ್ಳನೆಯ ತೆಳುವಾದ ಚಕ್ರ ತಿರುಗುತ್ತಿತ್ತು.

“ಅದು... ವಾಚ್‌ಮನ್ ದೀಪ ಆರಿಸಿಲ್ಲ ಅಂತ ಕಾಣತದ.”

“ಕೀಲಿಕೈ ರಾಯಚೂರಾಗ. ವಾಚ್‌ಮನ್ ಒಳಗ ಹ್ಯಾಂಗ ಹೋದ?”

“ಟೀಚರಮ್ಮ, ನೀವು ಸಾಲ್ಯಾಗಿನ ಹುಡುಗ್ಯಾರನ್ನ ಕೇಳಿದಂಗ ಕೇಳಬ್ಯಾಡ್ರಿ.”

“ಮತ್ತ ಸುಳ್ಳು ಹೇಳೋ ಹುಡುಗ್ಯಾರಂಗ ನೀವೂ ಹೇಳಬ್ಯಾಡ್ರಿ. ನಿಮ್ಮ ಮನಿಯಿಂದ ದಿನಾ ಮಜ್ಜಿಗಿ ಗಡಿಗಿ ಯಾರಿಗೆ ಬರತದ? ಹಲಗಿಯವರು ನೋಡ್ಯಾರ. ಇಲಿಗೇನು?”

ಗದ್ದೆಪ್ಪನ ಮುಖದ ಬಣ್ಣ ಇಳಿಯಿತು.

ಯಮನೂರಮ್ಮ ಮತ್ತೆ ಮೀಟರಿನತ್ತ ತಿರುಗಿದಳು. ಗಾಜಿಗೆ ಮುಖ ಹತ್ತಿರ ತಂದಳು. ಚಕ್ರ ಒಂದೇ ಸಮ ತಿರುಗುತ್ತಿರಲಿಲ್ಲ. ತುಸು ಜೋರಾಗುತ್ತಿತ್ತು, ತುಸು ನಿಧಾನಿಸುತ್ತಿತ್ತು, ಮತ್ತೆ ಜೋರಾಗುತ್ತಿತ್ತು. ಮಲಗಿದ ಮಗುವಿನ ಎದೆಯಂತೆ.

“ಸಾಹೇಬ್ರ,” ಎಂದಳು, ದನಿ ತಗ್ಗಿಸಿ. “ದೀಪ ಆದ್ರ ಒಂದ ಸಮ ಕರೆಂಟ್ ತಗೋತದ. ಇದು ಏರಾಕತ್ತೈತಿ, ಇಳಿಯಾಕತ್ತೈತಿ. ಅಂವ ಈಗ ಮಾತಾಡಾಕತ್ಯಾನ.”

ಅವಳ ಮಾತು ಮುಗಿಯುವ ಮೊದಲೇ ಗೋಡೆಯಾಚೆಯ ಬೇವಿನ ಮರ ಬಾಯಿಬಿಟ್ಟಿತು. ಮುಂಜಾನೆ ಬ್ಯಾಟರಿ ಇಳಿದು ಆರಿದ್ದ ಡಬ್ಬಿಗೆ ಲಾರಿಯ ಬ್ಯಾಟರಿ ಈಗಷ್ಟೇ ಹಚ್ಚಿ, ಜಿಲಾನಿಸಾಬರು ವಾಲ್ಯೂಮನ್ನು ಪೂರ್ತಿ ಏರಿಸಿದ್ದರು.

“...ಟೀಚರಮ್ಮ. ನೀವು ಬಂದೀರಂತ ಇವರು ಮಾತಾಡಿದ್ದು ಕೇಳಿದೆ. ನಿನ್ನೆ ನನ್ನ ದನಿ ಗ್ವಾಡಿ ಆಚೆಯಿಂದ ನನಗ ಕೇಳಿತು, ಇಲ್ಲಿ ಆಡಿದ್ದು ಹೊರಗ ಕೇಳತದಂತ ಅದಕ್ಕ ಗೊತ್ತಾತು. ಕಾವಲು ಇದ್ದಾಂವ ಹಿಂದಿನ ಬಾಗಲಕ್ಕ ಹೋಗ್ಯಾನ. ನನ್ನ ಚಿಂತಿ ಬ್ಯಾಡ.”

ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಎತ್ತಿನ ಗಾಡಿಯವನು ಹಗ್ಗ ಜಗ್ಗಿದ. ನೀರು ಹೊತ್ತ ಹೆಂಗಸರು ಕೊಡ ಇಳಿಸದೆ ಹಾಗೆಯೇ ಕತ್ತು ಎತ್ತಿದರು. ಆದಪ್ಪನ ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು. ಗೋಡೆಯ ಈಚೆ ಬೆಳ್ಳಿಯ ಚಕ್ರ, ಗೋಡೆಯ ಆಚೆ ದನಿ. ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದವು.

“ಕರೀಂನ್ನ ಬಿಡಬ್ಯಾಡ್ರಿ. ನನ್ನ ಕಣ್ಣಿಗೆ ಅರಿವಿ ಕಟ್ಟಿ ತಂದ್ರು. ಇದನ್ನ ಮಾಡ್ಸಿದಾವನ ಮುಖ ನಾ ನೋಡಿಲ್ಲ. ನೋಡಿದಾವ ಕರೀಂ ಒಬ್ನ. ಬಾಯಿ ಬಿಟ್ರ ನನ್ನ ಕೊಲ್ತೀವಿ ಅಂದಾರ ಅವಗ. ಅದಕ್ಕ ಸುಮ್ನ ಕುಂತಾನ. ಲಾಕಪ್ಪಿನಾಗ ಇರೂತನ ಉಳೀತಾನ ಅಂವ. ಹೊರಗ ಬಂದ್ರ ಇವತ್ತ—”

‘ಟಕ್.’

ಚಕ್ರ ನಿಂತಿತು. ಅದರ ಅಂಚಿನ ಕರಿ ಗುರುತು ಯಮನೂರಮ್ಮನ ಕಣ್ಣೆದುರಿಗೆ ಬಂದು, ಒಂದು ಸಲ ನಡುಗಿ, ಸ್ಥಿರವಾಯಿತು.

*

ಆದಪ್ಪ ಕೀಲಿಕೈಗೆ ಕಾಯಲಿಲ್ಲ. ಬೀಗ ಒಡೆದು ಮೂವರೂ ಒಳಗೆ ಓಡಿದರು. ಹತ್ತಿಯ ಧೂಳಿನ ವಾಸನೆಯ ಉದ್ದನೆಯ ಕೋಣೆ ದಾಟಿದ ಮೇಲೆ ಹಿಂದೆ ಒಂದು ಸಣ್ಣ ಶೆಡ್ಡು. ಅದರ ಹಿಂಬಾಗಿಲು ತೆರೆದಿತ್ತು. ಹೊರಗೆ ಬಯಲಿನಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ. ಮೋಟರಿನ ಸದ್ದು ದೂರವಾಗುತ್ತಿತ್ತು.

“ವೆಂಕೋಬಾ!” ಆದಪ್ಪ ಬಾಗಿಲಿಗೆ ಹೋಗಿ ಕೂಗಿದ. ಉತ್ತರವಿಲ್ಲ.

ಶೆಡ್ಡಿನ ನಡುವೆ ಮೇಜಿನ ಮೇಲೆ ವೆಂಕೋಬನ ಆಂಪ್ಲಿಫೈಯರ್ ಇತ್ತು.

ಯಮನೂರಮ್ಮ ಹತ್ತಿರ ಹೋದಳು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಇಂಥ ಯಂತ್ರದ ಮುಂದೆ ಒಂದೇ ಕೈ ಚಾಚಬೇಕೆಂದು ವೆಂಕೋಬ ಕಲಿಸಿದ್ದ. ಎರಡೂ ಕೈ ಚಾಚಿದರೆ ಕರೆಂಟು ಎದೆಯ ಮೂಲಕ ಹಾದುಹೋಗುತ್ತದೆ. ಮೇಜಿನ ಮಗ್ಗುಲಿಗೆ ಒಣ ಬಿದಿರಿನ ಕೋಲೊಂದಿತ್ತು, ತುದಿಗೆ ಕೊಂಡಿ, ಕೊಂಡಿಯಿಂದ ನೆಲಕ್ಕೆ ತಂತಿ. ಅದನ್ನು ತೆಗೆದುಕೊಂಡು, ಕರೆಂಟು ಕೂಡಿಟ್ಟುಕೊಳ್ಳುವ ದೊಡ್ಡ ಕಂಡೆನ್ಸರಿಗೆ ತಾಗಿಸಿದಳು.

ಚಟಾರ್ ಎಂದು ನೀಲಿ ಕಿಡಿ ಹಾರಿತು. ಗದ್ದೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ಕರೆಂಟ್ ಆರಿಸ್ಯಾರಲ್ರೀ!”

“ಆರಿಸಿದ ಮ್ಯಾಲೂ ಇದರಾಗ ಒಂದು ಸಾವು ಉಳಿದಿರತದ.” ಅವಳು ವಾಲ್ವಿನ ಗಾಜಿಗೆ ಬೆರಳ ಹಿಂಬದಿ ತಾಗಿಸಿದಳು. ಸುಡುತ್ತಿತ್ತು. ಪಕ್ಕದ ಬಲ್ಬೂ ಬೆಚ್ಚಗಿತ್ತು.

ಅವಸರವಿದ್ದರೂ ಅವಳ ಕಣ್ಣು ಆ ಕೆಲಸದ ಮೇಲೆ ನಿಂತುಬಿಟ್ಟಿತು. ಒಂದೊಂದು ತಂತಿಯೂ ಮೂಲೆಯಲ್ಲಿ ಅಳೆದಂತೆ ಬಾಗಿತ್ತು. ಮೇಣದ ದಾರದಿಂದ ಕಟ್ಟಿದ ಕಟ್ಟುಗಳು ಜಡೆ ಹೆಣೆದಂತಿದ್ದವು. ಸೆರೆಯಲ್ಲಿ ಕುಳಿತು, ಹೆದರಿಕೆಯಲ್ಲಿ, ಯಾರದೋ ಒತ್ತಾಯಕ್ಕೆ ತನಗೆ ಬೇಡದ ಕೆಲಸ ಮಾಡುವಾಗಲೂ ಈ ಮನುಷ್ಯನಿಗೆ ಸೊಟ್ಟಗೆ ಒಂದು ತಂತಿ ಎಳೆಯಲು ಬಂದಿರಲಿಲ್ಲ.

“ಗದ್ದೆಪ್ಪ, ಈ ಶೆಡ್ ಯಾರಿಗೆ ಕೊಟ್ಟಿ?” ಆದಪ್ಪ ಅವನ ಎದುರು ನಿಂತಿದ್ದ.

“ಖರೇ ಹೇಳತೀನ್ರಿ ಸಾಹೇಬ್ರ, ಬೀಜದ ವ್ಯಾಪಾರಿ ಅಂದ್ರು. ರಾತ್ರಿ ಬರತಾರ, ಹೋಗತಾರ. ಒಳಗ ಬಂದ್ರ ಮಕ್ಕಳು ಉಳಿಯಂಗಿಲ್ಲ ಅಂದ್ರು. ನಾ ಊಟ ತಂದು ಬಾಗಲದಾಗ ಇಡತಿದ್ದೆ. ಮಜ್ಜಿಗಿ ನನ್ನ ಹೆಂಡತಿ ಕಳಿಸಿದ್ದು. ಒಳಗ ಯಾರೋ ಕೆಮ್ಮತಾರ ಅಂತ ಆಕಿಗೆ ಹೇಳಿದ್ದೆ, ಅದಕ್ಕ ಜೀರಿಗಿ ಹಾಕಿ ಕಳಿಸ್ತಿದ್ಲು. ಅಷ್ಟ ನೋಡ್ರಿ ನನ್ನ ತಪ್ಪು.” ಗದ್ದೆಪ್ಪನ ದನಿ ಒಡೆಯಿತು.

“ಸಾಹೇಬ್ರ, ಇಲ್ಲಿ ನೋಡ್ರಿ.” ಯಮನೂರಮ್ಮ ವಾಲ್ವುಗಳ ಮಗ್ಗುಲಿನ ತಾಮ್ರದ ಸುರುಳಿಯನ್ನು ತೋರಿಸಿದಳು. ಹಳೆಯ ಸುತ್ತುಗಳು ಕಂದಿದ್ದವು. ಅವುಗಳ ತುದಿಗೆ ಹೊಳೆಯುವ ಹೊಸ ಸುತ್ತುಗಳನ್ನು ಬೆಸೆದಿದ್ದರು. “ಯಂತ್ರ ಯಾವ ಜಾಗದಾಗ, ಅಂದ್ರ ಯಾವ ತರಂಗದ ಮ್ಯಾಲ, ಮಾತಾಡಬೇಕು ಅಂತ ಗೊತ್ತು ಮಾಡೋದು ಈ ಸುರುಳಿ. ಹಳೇ ಸುತ್ತು ಅಷ್ಟ ಇದ್ದಾಗ ಇದು ಹವ್ಯಾಸಿಗಳ ಜಾಗದಾಗಿತ್ತು. ಸುತ್ತು ಹೆಚ್ಚು ಮಾಡ್ಯಾರ. ಈಗ ಕೆಳಗ ಇಳದೈತಿ.”

“ಕೆಳಗ ಯಾರದಾರ?”

ಅವಳು ಅವನ ಭುಜದ ಮೇಲಿನ ಪಟ್ಟಿಯನ್ನು ನೋಡಿದಳು. “ನೀವ ಅದೀರಿ. ಪೊಲೀಸರ ವೈರ್‌ಲೆಸ್.”

ಅವಳು ಮೇಜಿನ ಹಿಂದೆ ಬಗ್ಗಿ ನೋಡಿದಳು. ಗೋಡೆಯ ತೂತಿನಿಂದ ದಪ್ಪ ತಂತಿಯೊಂದು ಒಳಗೆ ಬಂದು ನೆಲದ ಮೇಲೆ ಬಿದ್ದಿತ್ತು. ಅದರ ತುದಿಯ ತಾಮ್ರ ಹೊಸದಾಗಿ ಕೆರೆದಂತಿತ್ತು. ಹೊರಗೆ ಅದು ಗಿರಣಿಯ ಚಿಮಣಿಯ ನೆತ್ತಿಗೆ ಏರಿತ್ತು.

“ಏರಿಯಲ್,” ಎಂದಳು. “ನಿನ್ನೆ ಬಲ್ಬಿನ ಮ್ಯಾಲ ಪರೀಕ್ಷೆ ಮಾಡ್ಯಾರ. ಇವತ್ತು ಮುಂಜಾನೆ ಇದನ್ನ ಹಚ್ಚಿ ಯಾರಿಗೋ ಮಾತಾಡ್ಯಾರ. ಕೆಲಸ ಮುಗದ ಮ್ಯಾಲ ತಗದು ಒಗದಾರ. ವೆಂಕೋಬ ಈಗ ಮಾತಾಡಿದ್ದು ಮತ್ತ ಬಲ್ಬಿನ ಮ್ಯಾಲ. ಸಾಹೇಬ್ರ, ಕರೀಂಸಾಬನ್ನ—”

“ಇಷ್ಟೊತ್ತಿಗೆ ಬಿಟ್ಟಿರತಾರ,” ಎಂದ ಆದಪ್ಪ. “ಬಿಡ್ರಿ ಅಂತ ನಾನ ಹೇಳಿ ಬಂದೀನಿ. ನೀವು ಹೇಳಿದ್ದನ್ನ ಕೇಳಿ.”

ಅವನು ಆಕ್ಷೇಪಿಸಲಿಲ್ಲ. ಬರೀ ನಡೆದದ್ದನ್ನು ಹೇಳಿದ. ಅದು ಅವಳಿಗೆ ಇನ್ನೂ ಹೆಚ್ಚು ತಾಗಿತು.

ಇಬ್ಬರೂ ಹೊರಗೆ ಓಡಿದರು. ಜೀಪಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ, ಬಸ್‌ಸ್ಟ್ಯಾಂಡಿನ ಕಡೆಯಿಂದ ಖಾತೂನ್‌ಬೀ ಬರುತ್ತಿರುವುದು ಕಂಡಿತು. ಒಗೆದು ಮಡಿಸಿದ ಅಂಗಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಆದರೆ ನಗುತ್ತಿದ್ದಳು.

“ಸಾಹೇಬ್ರ, ಎಲ್ಲದಾರ್ರಿ ಇವರು?” ಎಂದಳು, ಸುತ್ತ ನೋಡುತ್ತ. “ನನಗ ಬಸ್ ತಡ ಆತ್ರಿ. ನಾ ಸ್ಟೇಶನ್ನಿಗೆ ಹೋಗೂದ್ರಾಗ ಕರಕೊಂಡು ಹೋಗ್ಯಾರಂದ್ರು. ಅಲ್ಲಿನ ಪೊಲೀಸ್ ಅಣ್ಣ ನನ್ನ ಈ ಕಡೆ ಬಸ್ ಹತ್ತಿಸಿ ಕಳಿಸಿದ, ಪಾಪ.”

“ಯಾರು ಕರಕೊಂಡು ಹೋದ್ರು?”

“ನೀವ ಅಲ್ರೀ!” ಖಾತೂನ್‌ಬೀಯ ನಗೆ ಇನ್ನೂ ಆರಿರಲಿಲ್ಲ. “ವೈರ್‌ಲೆಸ್ಸಿನಾಗ ನೀವು ಹೇಳಿದ್ರಂತ. ಕರೀಂನ್ನ ಮಸ್ಕಿಗೆ ಕಳಿಸ್ರಿ, ನನ್ನ ಜೀಪ್ ಬರತದ, ಅದರಾಗ ಕೂಡಸ್ರಿ ಅಂತ.”

ಆದಪ್ಪ ಜೀಪಿನ ಬಾನೆಟ್ಟಿನ ಮೇಲೆ ಕೈಯೂರಿದ. ಬೆಳಗಿನಿಂದ ಅವನು ವೈರ್‌ಲೆಸ್ಸಿನಲ್ಲಿ ಮಾತಾಡಿಯೇ ಇರಲಿಲ್ಲ; ಜೀಪೂ ನಿಂತ ಜಾಗ ಬಿಟ್ಟು ಕದಲಿರಲಿಲ್ಲ.